ನೈಟ್ ಶಿಫ್ಟ್ ಬೇಡ ಅಂದರೆ ಸೋಮಾರಿತನ ಅಲ್ಲ

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಬಂತು ಅಂದರೆ ಎಷ್ಟೋ ಕಂಪನಿಗಳಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಭಾಷಣ, ಗ್ರೂಪ್ ಫೋಟೊ. ಅದು ಬೇಡ ಅನ್ನುತ್ತಿಲ್ಲ. ಆದರೆ ಅದೇ ಆಫೀಸಿನಲ್ಲಿ ಬೈಪೋಲಾರ್ (ಮನಸ್ಸು ಕೆಲವೊಮ್ಮೆ ಅತಿ ಉತ್ಸಾಹಕ್ಕೂ ಕೆಲವೊಮ್ಮೆ ಆಳವಾದ ಖಿನ್ನತೆಗೂ ಹೋಗುವ ಕಾಯಿಲೆ) ಇರುವ ಹುಡುಗನೊಬ್ಬ "ನನ್ನನ್ನು ರಾತ್ರಿ ಪಾಳಿಗೆ ಹಾಕಬೇಡಿ" ಅಂತ ಕೇಳಿದರೆ ಏನು ಉತ್ತರ ಸಿಗುತ್ತದೆ?

ನನ್ನ ತಮ್ಮನಿಗೆ ಸಿಕ್ಕಿದ್ದು ಇದು: "ಎಲ್ಲರಿಗೂ ಒಂದೇ ರೂಲ್ಸ್. ನಿನಗೊಬ್ಬನಿಗೆ ಬಿಟ್ಟರೆ ಉಳಿದವರು ಕೇಳಲ್ವಾ?" (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಬೈಪೋಲಾರ್ ಇರುವವರಿಗೆ ನಿದ್ದೆ ಔಷಧಿಯಷ್ಟೇ ಮುಖ್ಯ. ನಿದ್ದೆ ಕೆಟ್ಟರೆ ಕಾಯಿಲೆ ಮತ್ತೆ ಕೆರಳಬಹುದು. ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಹೋಗುವುದೇ ಇಲ್ಲ. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕಿಡ್ನಿ, ಥೈರಾಯ್ಡ್ ಕೂಡ ನೋಡಿಸಬೇಕು. ನಿಮ್ಹಾನ್ಸ್‌ನಲ್ಲಿ ಫಾಲೋ ಅಪ್ ಅಂದರೆ ಅರ್ಧ ದಿನ ಹೋದಂತೆಯೇ. ಹಾಗಾಗಿ ಅವನು ಕೇಳಿದ್ದು ಮೂರೇ: ಹಗಲು ಪಾಳಿ, ಬೆಳಿಗ್ಗೆ ಸ್ವಲ್ಪ ತಡವಾಗಿ ಬರಲು ಅನುಮತಿ, ಆಸ್ಪತ್ರೆಯ ದಿನ ರಜೆ. ಇದಕ್ಕೆ ಕಂಪನಿ ಹೊಸದಾಗಿ ದುಡ್ಡು ಹಾಕಬೇಕಿಲ್ಲ. ಪಾಳಿ ಪಟ್ಟಿ ಬದಲಿಸಿದರೆ ಆಯಿತು.

ಗಾಲಿಕುರ್ಚಿಯಲ್ಲಿ ಬರುವವರಿಗೆ ರ್‍ಯಾಂಪ್ ಹಾಕಿದರೆ "ಅವರಿಗೆ ಮಾತ್ರ ಯಾಕೆ" ಅಂತ ಯಾರೂ ಕೇಳುವುದಿಲ್ಲ. ಹಗಲು ಪಾಳಿಯೂ ಅಂಥದ್ದೇ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಸಮಾನತೆ ಅಂತ ಎಲ್ಲರನ್ನೂ ಒಂದೇ ಪಾಳಿಗೆ ತಳ್ಳಿದರೆ ಕೆಲಸ ಬಿಟ್ಟು ಹೋಗುವವರು ಯಾರು? ಕಾಯಿಲೆ ಇರುವವರೇ ಅಲ್ವಾ?

ಇದು ದಯೆಯ ಮಾತೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ವ್ಯಕ್ತಿಗೆ ಬೇಕಾದ, ಸಂಸ್ಥೆಗೆ ಅತಿ ಭಾರವಾಗದ ಬದಲಾವಣೆ ಮಾಡಿಕೊಡದಿದ್ದರೆ ಅದೂ ತಾರತಮ್ಯ ಎನ್ನುತ್ತದೆ ಆ ಕಾಯ್ದೆ. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮಾನಸಿಕ ಕಾಯಿಲೆ ಇರುವವರ ಮೇಲೆ ಅದಕ್ಕೆ ಸಂಬಂಧಪಟ್ಟ ನಡವಳಿಕೆಗಾಗಿ ಶಿಸ್ತು ಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದಿತು ಕೋರ್ಟು. ವಿಮೆಯಲ್ಲೂ ದೇಹದ ಕಾಯಿಲೆಗೆ ಇರುವಂತೆಯೇ ಸೌಲಭ್ಯ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಇಷ್ಟೆಲ್ಲ ಇದ್ದರೂ ಜನ ರಜೆ ಚೀಟಿಯಲ್ಲಿ "ಜ್ವರ" ಅಂತಲೇ ಬರೆಯುತ್ತಾರೆ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ನಿಜ ಬರೆದರೆ ಮುಂದಿನ ಬಡ್ತಿಯಲ್ಲಿ ಹೆಸರು ಇರುವುದಿಲ್ಲ. ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಕೂರುವವರು ಕಡಿಮೆಯಾಗುತ್ತಾರೆ. ಒಮ್ಮೆ ಸಿಟ್ಟು ಮಾಡಿಕೊಂಡರೆ "ಮಾತ್ರೆ ತಗೊಂಡಿಲ್ವಾ?" ಅಂತ ಕೇಳುತ್ತಾರೆ. ಈ ಕೊನೆಯ ಮಾತನ್ನು ತಮ್ಮ ಇನ್ನೂ ಮರೆತಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅವನಿಗೆ ಇಲ್ಲವೇ?

ಎಚ್‌ಆರ್‌ನಲ್ಲಿ ಇರುವ ಗೆಳೆಯರೇ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಅಂತಲೂ ಅದೇ 2016ರ ಕಾಯ್ದೆ ಹೇಳುತ್ತದೆ. ನಿಮ್ಮದನ್ನು ತೆಗೆದು ನೋಡಿ. ಮಾನಸಿಕ ಕಾಯಿಲೆಯ ಹೆಸರು ಅದರಲ್ಲಿ ಇದೆಯಾ? ಹೇಳಿಕೊಂಡವರ ವಿಷಯ ಮ್ಯಾನೇಜರ್ ಕಿವಿಗೆ ಹೋಗದಂತೆ ಉಳಿಯುತ್ತದಾ? ಇಲ್ಲ ಅಂದರೆ ಈ ಅಕ್ಟೋಬರ್‌ನಲ್ಲಿ ಭಾಷಣದ ಬದಲು ಅದನ್ನು ಸರಿಮಾಡಿ.