ಗೆದ್ದವ ಸೋತ, ಸೋತವ ಟಿವಿಯಲ್ಲಿ ಗೆದ್ದ

ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಅನ್ನುವುದು ನಮ್ಮ ಗಾದೆ. ಅಮೆರಿಕದ ಪಕ್ಷಗಳು ಅಧ್ಯಕ್ಷ ಪದವಿಗೆ ರಾಜ್ಯದಿಂದ ರಾಜ್ಯಕ್ಕೆ ಮತ ಹಾಕಿಸಿ ಹುರಿಯಾಳನ್ನು ಆರಿಸುವ ಪ್ರೈಮರಿಯಲ್ಲಿ ಗಾದೆಯ ಮೊದಲರ್ಧ ಮಾತ್ರ ನಿಜ. ಸೋತವನು ಸಾಯುವುದಿಲ್ಲ, ಟಿವಿಯವರು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ.

1972ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹುರಿಯಾಳಾಗಲು ಹೊರಟಿದ್ದ ಎಡ್ಮಂಡ್ ಮಸ್ಕಿ ಶೇ 46 ಮತ ಪಡೆದು ಗೆದ್ದರು. ಜಾರ್ಜ್ ಮೆಕ್‌ಗವರ್ನ್‌ಗೆ ಬಂದದ್ದು ಶೇ 37. ಆದರೆ ಪತ್ರಕರ್ತರು ಮಸ್ಕಿಗೆ ಇಟ್ಟಿದ್ದ ಪಾಸ್ ಮಾರ್ಕ್ಸ್ ಐವತ್ತು! ಪಕ್ಕದ ಮೇನ್ ರಾಜ್ಯದವರಾಗಿ ಅಷ್ಟೂ ಬರಲಿಲ್ಲವೇ ಎಂದು ಫೇಲು ಮಾಡಿದರು. ಹಾರ ಮೆಕ್‌ಗವರ್ನ್ ಕೊರಳಿಗೆ ಬಿತ್ತು. 1992ರಲ್ಲಿ ಅಲ್ಲೇ ಎರಡನೆಯವರಾಗಿ ಬಂದ ಬಿಲ್ ಕ್ಲಿಂಟನ್ ಇನ್ನೂ ಚುರುಕು. ಬೇರೆಯವರಿಗೆ ಕಾಯದೆ ತಮಗೆ ತಾವೇ ‘ಕಮ್‌ಬ್ಯಾಕ್ ಕಿಡ್’ ಎಂಬ ಬಿರುದು ಕೊಟ್ಟುಕೊಂಡರು. ಗೆದ್ದವರು ಯಾರೋ ಪಾಲ್ ಸಾಂಗಸ್ ಅಂತೆ.

ಹಾಗಾಗಿ ಈ ಆಟದಲ್ಲಿ ಮತ ಏರಿಸುವುದಕ್ಕಿಂತ ನಿರೀಕ್ಷೆ ಇಳಿಸುವುದೇ ದೊಡ್ಡ ತಂತ್ರ. ‘ಏನೂ ಓದಿಲ್ಲ ಕಣೋ’ ಎಂದು ಪರೀಕ್ಷೆಯ ಹಿಂದಿನ ದಿನ ಗೋಳಾಡುವ ರ‍್ಯಾಂಕ್ ಹುಡುಗನ ಹಾಗೆ, ಪ್ರಚಾರ ತಂಡದವರು ವರದಿಗಾರರ ಕಿವಿಯಲ್ಲಿ ‘ನಮ್ಮವರು ಮೂರನೆಯವರಾಗಿ ಬಂದರೂ ದೇವರು ದೊಡ್ಡವನು’ ಎಂದು ಉಸುರುತ್ತಾರೆ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಮಾರ್ಕೋ ರುಬಿಯೋ ಅಯೋವಾ ರಾಜ್ಯದಲ್ಲಿ ನಿಜಕ್ಕೂ ಮೂರನೆಯವರಾಗಿ ಬಂದು ವಿಜಯಭಾಷಣವನ್ನೇ ಬಿಗಿದರು. ಮಾರ್ಚ್ ಮಧ್ಯದಲ್ಲಿ ಸ್ವಂತ ಫ್ಲೋರಿಡಾದಲ್ಲೇ ಸೋತು ಕಣದಿಂದ ಇಳಿದರು.

ಅಯೋವಾ ಎಂದ ಮೇಲೆ 2020ರ ಫೆಬ್ರುವರಿ 3ರ ರಾತ್ರಿಯನ್ನು ಬಿಡುವುದು ಹೇಗೆ? ಡೆಮಾಕ್ರಟಿಕ್ ಪಕ್ಷದ ಸುಮಾರು 4,000 ಚುನಾಯಿತ ಪ್ರತಿನಿಧಿಗಳಲ್ಲಿ (ಸಮಾವೇಶದಲ್ಲಿ ಹುರಿಯಾಳಿಗೆ ಮತ ಹಾಕುವವರು ಇವರೇ) ಆ ರಾಜ್ಯದ ಪಾಲು ಬರೀ 41. ಅಷ್ಟಕ್ಕಾಗಿ ಅಭ್ಯರ್ಥಿಗಳು ಅಲ್ಲಿನ ಜಾತ್ರೆಯಲ್ಲಿ ಕಡ್ಡಿಗೆ ಚುಚ್ಚಿದ ಹಂದಿಮಾಂಸ ಕಚ್ಚಿ, ಬೆಣ್ಣೆಯಲ್ಲಿ ಮಾಡಿದ ಹಸುವಿನ ದರ್ಶನ ಮಾಡಿ ಬಂದಿದ್ದರು. ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟಿತು. ಫೋನಿನಲ್ಲಿ ಹೇಳೋಣವೆಂದರೆ ಲೈನ್ ಸಿಗದು. ಟಿವಿ ಪಂಡಿತರು ಖಾಲಿ ನಕ್ಷೆಯ ಮುಂದೆ ನಿಂತು ಗಂಟೆಗಟ್ಟಲೆ ವಿಶ್ಲೇಷಿಸಿದರು. ಒಂದು ಅಂಕಿಯೂ ಹೊರಬೀಳುವ ಮೊದಲೇ ಪೀಟ್ ಬುಟಿಜೆಜ್ ಗೆಲುವು ಸಾರಿದರು. ಅಲ್ಲಿ ನಾಲ್ಕನೆಯವರಾಗಿ, ಮುಂದಿನ ವಾರ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಬಂದ ಹಿರಿಯರೊಬ್ಬರಿಗೆ ಪಂಡಿತರು ಎಳ್ಳುನೀರು ಬಿಟ್ಟು ಕೈತೊಳೆದುಕೊಂಡರು. ಹೆಸರು ಜೋ ಬೈಡನ್.

ಆದರೆ ನನಗೆ ಅಚ್ಚುಮೆಚ್ಚು 2024ರ ನೆವಾಡ. ಟ್ರಂಪ್ ಪಕ್ಷವೇ ಸಭೆ ಸೇರಿಸಿ ಮತ ಹಾಕಿಸುವ, ಬೇರೆ ದಿನದ ಕಾಕಸ್‌ಗೆ ಹೋಗಿದ್ದರಿಂದ ರಿಪಬ್ಲಿಕನ್ ಪ್ರೈಮರಿಯ ಮತಪತ್ರದಲ್ಲಿ ಇನ್ನೂ ಕಣದಲ್ಲಿದ್ದ ದೊಡ್ಡ ಹೆಸರು ನಿಕ್ಕಿ ಹೇಲಿ ಒಬ್ಬರದೇ. ಜನ ‘ಇವರ‍್ಯಾರೂ ಬೇಡ’ ಎಂಬ ಸಾಲಿಗೆ ಅವರಿಗಿಂತ ಎರಡು ಪಟ್ಟಿಗೂ ಹೆಚ್ಚು ಮತ ಒತ್ತಿದರು. ಗೆದ್ದವರ ಪ್ರತಿಕ್ರಿಯೆ ಪಡೆಯಲು ಮೈಕ್ ಹಿಡಿದು ಓಡುವ ವರದಿಗಾರರು ಆ ರಾತ್ರಿ ಯಾರ ಮನೆ ಬಾಗಿಲು ತಟ್ಟಿದರೋ!