ಮೇಲಕ್ಕೆ ತಂದ ಆಟವನ್ನೇ ಮೇಲೂ ಆಡಬೇಕಾ?

ಇಂಗ್ಲೆಂಡಿನ ಫುಟ್‌ಬಾಲ್‌ನ ಪ್ರೀಮಿಯರ್ ಲೀಗಿಗೆ ಪ್ರತಿ ವರ್ಷ ಒಂದು ಮೆಟ್ಟಿಲು ಕೆಳಗಿನ ಚಾಂಪಿಯನ್‌ಶಿಪ್ ಲೀಗಿನಿಂದ ಮೂರು ಕ್ಲಬ್‌ಗಳು ಬರುತ್ತವೆ. 2023-24ರಲ್ಲಿ ಹಾಗೆ ಬಂದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಮೂರೂ ಒಂದೇ ವರ್ಷಕ್ಕೆ ವಾಪಸ್ ಇಳಿದವು. 2024-25ರಲ್ಲಿ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಗತಿಯೂ ಅದೇ ಆಯಿತು. ಇಂಥ ಕ್ಲಬ್ ಗೆದ್ದು ಬಂದ ಆಟವನ್ನೇ ಹಿಡಿದುಕೊಂಡಿರಬೇಕಾ, ಇಲ್ಲ ಉಳಿಯೋದಕ್ಕೆ ಬದಲಾಗಬೇಕಾ? ಇಬ್ಬರು ಬರೆದಿದ್ದಾರೆ.

ಪರ: ಬಾರದ ಆಟ ಆಡಿ ಉಳಿಯೋಕೆ ಆಗಲ್ಲ

ಈ ಕಡೆಯಿಂದ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ನೂರಕ್ಕೆ ನೂರು ನಂಬಿ ಬರೆಯುತ್ತಿದ್ದೇನೆ ಅಂದರೆ ಸುಳ್ಳಾಗುತ್ತದೆ. ಮುಕ್ಕಾಲು ಪಾಲು ನಂಬಿದ್ದೇನೆ. ಆ ಮುಕ್ಕಾಲನ್ನು ಇಲ್ಲಿ ಹೇಳುತ್ತೇನೆ.

ಚಾಂಪಿಯನ್‌ಶಿಪ್‌ನಲ್ಲಿ ಒಂದು ಸೀಸನ್ ಅಂದರೆ 46 ಪಂದ್ಯ. ಅಷ್ಟೂ ಪಂದ್ಯ ಒಂದು ರೀತಿ ಆಡಿ, ಅದನ್ನೇ ದಿನಾ ಅಭ್ಯಾಸ ಮಾಡಿ, ಆ ಆಟಕ್ಕೆ ಬೇಕಾದವರನ್ನೇ ಹುಡುಕಿ ತಂದು ತಂಡ ಕಟ್ಟಿರುತ್ತಾರೆ. ಗೋಲಿನ ಮುಂದೆ ನಡುವಲ್ಲಿ ನಿಂತು ಕಾಯುವ ಸೆಂಟರ್ ಬ್ಯಾಕನ್ನು ಪಾಸ್ ಚೆನ್ನಾಗಿ ಕೊಡುತ್ತಾನೆ ಅಂತ ಕೊಂಡಿರುತ್ತಾರೆ. ಅಂಥವನಿಗೆ ಆಗಸ್ಟ್‌ನಲ್ಲಿ ಬಂದು 'ಇನ್ಮೇಲೆ ನೀನು ತಲೆ ಕೊಟ್ಟು ಬಾಲ್ ಹೊರಗೆ ಹಾಕು, ಅಷ್ಟು ಸಾಕು' ಅಂದರೆ ಹೇಗೆ? ಅವನಿಗೆ ಅದು ಬರಲ್ಲ. ಬರುವವರು ಬೇಕು ಅಂದರೆ ಮತ್ತೆ ಕೊಳ್ಳಬೇಕು. ಕೊಳ್ಳುವ ಪೈಪೋಟಿ ಯಾರ ಜೊತೆ? ಹತ್ತಾರು ವರ್ಷದಿಂದ ಟಿವಿ ಹಣ ಎಣಿಸುತ್ತಾ ಬಂದ ಕ್ಲಬ್‌ಗಳ ಜೊತೆ.

ಲೀಡ್ಸ್ ನೋಡಿ. 16 ವರ್ಷ ಹೊರಗಿದ್ದು 2020ರಲ್ಲಿ ಮೇಲೆ ಬಂತು. ಕೋಚ್ ಮಾರ್ಸೆಲೊ ಬಿಯೆಲ್ಸಾ ಕೆಳಗೆ ಆಡಿಸಿದ್ದನ್ನೇ ಮೇಲೂ ಆಡಿಸಿದರು. ಮೈದಾನದ ತುಂಬಾ ಎದುರಾಳಿ ಒಬ್ಬೊಬ್ಬನ ಬೆನ್ನಿಗೆ ಒಬ್ಬ, ಉಸಿರು ಬಿಡದ ಓಟ. ಮೊದಲ ಪಂದ್ಯ ಲಿವರ್‌ಪೂಲ್ ಮೇಲೆ 4-3ರಲ್ಲಿ ಸೋತರು. ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಮೂರು ನಿಮಿಷ ಮುಗಿಯುವಷ್ಟರಲ್ಲಿ ಎರಡು ಗೋಲು ತಿಂದು 6-2ರಲ್ಲಿ ಸೋತರು. ಆಗ ಎಲ್ಲರೂ ಬಿಯೆಲ್ಸಾ ಹಟಮಾರಿ ಅಂದರು. ಮುಂದಿನ ಎರಡು ಪಂದ್ಯ 1-0, 5-0 ಗೆದ್ದರು. ಸೀಸನ್ ಮುಗಿದಾಗ 59 ಪಾಯಿಂಟ್, ಒಂಬತ್ತನೇ ಸ್ಥಾನ, 62 ಗೋಲು. 6-2 ಆದ ರಾತ್ರಿ ಅವರು ಹೆದರಿಕೊಂಡು ಆಟ ಬದಲಾಯಿಸಿದ್ದರೆ ಇದು ಆಗುತ್ತಿತ್ತಾ? ನನಗಂತೂ ಅನ್ನಿಸಲ್ಲ.

'ಸ್ವಂತ ಆಟ' ಅಂದ ತಕ್ಷಣ ಎಲ್ಲರೂ ಸಣ್ಣ ಸಣ್ಣ ಪಾಸ್ ಅಂತ ಅಂದುಕೊಳ್ಳುತ್ತಾರೆ. ಅಲ್ಲ. 2008ರಲ್ಲಿ ಮೇಲೆ ಬಂದ ಸ್ಟೋಕ್ ಕೂಡ ಬದಲಾಗಲಿಲ್ಲ. ಕೋಚ್ ಟೋನಿ ಪ್ಯುಲಿಸ್ ತಂಡದಲ್ಲಿ ರೋರಿ ಡೆಲಾಪ್ ಅಂತ ಒಬ್ಬರಿದ್ದರು, ಶಾಲೆಯ ದಿನಗಳಲ್ಲಿ ಜಾವೆಲಿನ್ ಎಸೆಯುತ್ತಿದ್ದವರು. ಬಾಲ್ ಪಕ್ಕದ ಗೆರೆ ದಾಟಿದರೆ ಸಾಕು, ಡೆಲಾಪ್ ನಿಧಾನಕ್ಕೆ ಬಂದು, ಟವೆಲ್ ತಗೊಂಡು ಬಾಲನ್ನು ಸುತ್ತಲೂ ಒರೆಸಿ, ನಾಲ್ಕು ಹೆಜ್ಜೆ ಓಡಿ ನೇರ ಗೋಲಿನ ಬಾಯಿಗೆ ಎಸೆಯುತ್ತಿದ್ದರು. ಆ ನವೆಂಬರ್‌ನಲ್ಲಿ ಆರ್ಸೆನಲ್ 2-1ರಲ್ಲಿ ಸೋತಿತು, ಎರಡೂ ಗೋಲು ಆ ಎಸೆತದಿಂದ. ಚೆನ್ನಾಗಿಲ್ಲ ಅಂತ ಬೈದವರು ಬೈದರು. ಸ್ಟೋಕ್ 12ನೇ ಸ್ಥಾನ ಪಡೆಯಿತು, ಹತ್ತು ಸೀಸನ್ ಅಲ್ಲೇ ಇತ್ತು. ನಿಮಗೆ ಬರುವುದನ್ನು ಆಡಿ. ನಾನು ಹೇಳುವುದು ಇಷ್ಟೇ.

ಬದಲಾದವರ ಕಥೆ ಏನಾಯಿತು ಅಂತಲೂ ನೋಡಬೇಕಲ್ವಾ. ಸೌತಾಂಪ್ಟನ್‌ನಲ್ಲಿ ರಸೆಲ್ ಮಾರ್ಟಿನ್ 16 ಪಂದ್ಯಕ್ಕೆ 5 ಪಾಯಿಂಟ್ ತಂದರು, 2024ರ ಡಿಸೆಂಬರ್‌ನಲ್ಲಿ ಅವರನ್ನು ತೆಗೆದರು. ಹೊಸ ಕೋಚ್ ಬಂದರು, ಹೊಸ ರೀತಿ ಬಂತು. ಉಳಿದ 22 ಪಂದ್ಯದಲ್ಲಿ ಸಿಕ್ಕಿದ್ದು 7 ಪಾಯಿಂಟ್. ಒಟ್ಟು 12. ಏಳು ಪಂದ್ಯ ಬಾಕಿ ಇರುವಾಗಲೇ ಇಳಿದುಬಿಟ್ಟರು. ಬದಲಾವಣೆಯಿಂದ ಏನು ಬಂತು?

ಇಳಿದರೂ ಸ್ವಂತ ಆಟ ಕೈಯಲ್ಲಿದ್ದರೆ ಮತ್ತೆ ಏರಬಹುದು. ನಾರ್ವಿಚ್ 2019-20ರಲ್ಲಿ 21 ಪಾಯಿಂಟ್ ತಗೊಂಡು ಕಟ್ಟಕಡೆಯಲ್ಲಿತ್ತು. ಕೋಚ್ ಡೇನಿಯಲ್ ಫಾರ್ಕೆಯನ್ನು ಕಳಿಸಲಿಲ್ಲ. ಮರುವರ್ಷವೇ 97 ಪಾಯಿಂಟ್ ಗಳಿಸಿ ಚಾಂಪಿಯನ್ ಆಗಿ ವಾಪಸ್ ಬಂತು. ಇಳಿದ ಕ್ಲಬ್‌ಗೆ ಕೆಲವು ವರ್ಷ ಪ್ಯಾರಾಶೂಟ್ ಹಣ, ಅಂದರೆ ಬಿದ್ದ ಪೆಟ್ಟು ತಡೆಯೋಕೆ ಲೀಗ್ ಕೊಡುವ ಹಣವೂ ಬರುತ್ತದೆ. ಹಾಗಾಗಿ ಒಂದು ಸಲ ಇಳಿದರೆ ಕ್ಲಬ್ ಸತ್ತೇ ಹೋಯಿತು ಅನ್ನೋ ಹಾಗೇನಿಲ್ಲ.

ಬರ್ನ್ಲಿ ಸ್ವಂತ ಆಟ ಆಡಿಯೇ ಇಳಿಯಿತಲ್ಲ ಅಂತ ಕೇಳುತ್ತೀರಿ, ಗೊತ್ತು. ಅಲ್ಲಿ ಹುಡುಗರು ತೀರಾ ಚಿಕ್ಕವರು, ಹೊಸಬರು ಜಾಸ್ತಿ. ಅದು ಬೇರೆ ವಿಷಯ ಅಂತ ನನ್ನ ಅಭಿಪ್ರಾಯ. ಹತ್ತು ಜನರನ್ನು ಗೋಲಿನ ಮುಂದೆ ಗೋಡೆ ಹಾಗೆ ನಿಲ್ಲಿಸಿ, ಬಾಲ್ ಸಿಕ್ಕ ಕಡೆ ಒದ್ದು, 38 ವಾರ ದೇವರೇ ಕಾಪಾಡು ಅಂತ ಕೂರುವುದನ್ನು ಯಾರಾದರೂ ಆಟ ಅಂತ ಕರೆದರೆ ನಾನು ಒಪ್ಪಲ್ಲ.

ವಿರೋಧ: ಗೋಲಿನಲ್ಲಿ ನಿಂತವನನ್ನು ಕೇಳಿ

ನಾನು ಗೋಲ್‌ಕೀಪರ್ ಆಗಿದ್ದವನು. ದೊಡ್ಡ ಆಟಗಾರ ಅಲ್ಲ, ಸ್ಥಳೀಯ ಲೀಗ್ ಆಡಿದವನು. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಕೋಚ್‌ಗಳ ಸಿದ್ಧಾಂತ ನೆನಪಾಗಲ್ಲ, 2024ರ ಏಪ್ರಿಲ್‌ನಲ್ಲಿ ಬರ್ನ್ಲಿ ಗೋಲಿನಲ್ಲಿ ನಿಂತಿದ್ದ ಅರಿಯಾನೆಟ್ ಮುರಿಚ್ ನೆನಪಾಗುತ್ತಾರೆ. ಎವರ್ಟನ್ ಮೇಲಿನ ಪಂದ್ಯ. ಕಾಲಲ್ಲಿ ಬಾಲ್ ಇದೆ, ಎದುರಿನಿಂದ ಎವರ್ಟನ್ ಫಾರ್ವರ್ಡ್ ಕ್ಯಾಲ್ವರ್ಟ್-ಲೂಯಿನ್ ಓಡಿ ಬರುತ್ತಿದ್ದಾನೆ. ಒದೆಯುವುದು ಒಂದು ಕ್ಷಣ ತಡವಾಯಿತು. ಬಾಲ್ ಅವನಿಗೆ ಬಡಿದು ವಾಪಸ್ ಗೋಲಿನೊಳಗೆ. 1-0 ಸೋಲು. ಒಂದು ವಾರ ಬಿಟ್ಟು ಬ್ರೈಟನ್ ಮೇಲೆ, ತನ್ನದೇ ತಂಡದವನು ಕೊಟ್ಟ ಸುಲಭದ ಬ್ಯಾಕ್‌ಪಾಸ್. ಎದುರಾಳಿ ಹತ್ತಿರವೂ ಇರಲಿಲ್ಲ. ಬಾಲ್ ಬೂಟಿನ ಅಡಿಯಿಂದ ಜಾರಿ ನಿಧಾನಕ್ಕೆ ಉರುಳಿಕೊಂಡು ಒಳಗೆ ಹೋಯಿತು. ಗೆಲ್ಲಬೇಕಿದ್ದ ಪಂದ್ಯ 1-1.

ಆ ಎರಡನೇ ಗೋಲು ಬರೀ ಕಾಲಿನ ತಪ್ಪಲ್ಲ. ಮೊದಲನೆಯದು ಇನ್ನೂ ತಲೆಯಲ್ಲಿ ಕೂತಿರುತ್ತದೆ, ಅದರಿಂದ ಆದ ತಪ್ಪು. ಇದನ್ನು ಗೋಲಿನಲ್ಲಿ ನಿಂತವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬರ್ನ್ಲಿ ಹಿಂದಿನ ವರ್ಷ ವಿನ್ಸೆಂಟ್ ಕೊಂಪನಿ ಕೈಯಲ್ಲಿ 101 ಪಾಯಿಂಟ್ ಗಳಿಸಿ ಬಂದಿತ್ತು. ಹಿಂದಿನಿಂದ ಪಾಸ್ ಮಾಡುತ್ತಾ ಬರುವ ಆಟ, ನೋಡೋಕೆ ಬಹಳ ಚೆಂದ. ಮೇಲೆ ಬಂದು ಅದನ್ನೇ ಆಡಿ 24 ಪಾಯಿಂಟ್‌ಗೆ ಇಳಿಯಿತು. ಕೊಂಪನಿ ಎಲ್ಲಿಗೆ ಹೋದರು? 2024ರ ಮೇ ತಿಂಗಳಲ್ಲೇ ಜರ್ಮನಿಯ ದೊಡ್ಡ ಕ್ಲಬ್ ಬಾಯರ್ನ್ ಮ್ಯೂನಿಕ್‌ಗೆ. ಅವರ ಮೇಲೆ ನನಗೆ ಕೋಪ ಇಲ್ಲ, ಒಳ್ಳೆಯ ಕೋಚ್. ಆದರೆ ತತ್ವ ಹಿಡಿದುಕೊಂಡವರಿಗೆ ಮುಂದಿನ ಕೆಲಸ ಸಿಗುತ್ತದೆ, ಇಳಿಯುವುದು ಮಾತ್ರ ಊರಿನ ಕ್ಲಬ್ಬು, ಇಡೀ ವರ್ಷ ಟಿಕೆಟ್ ಕೊಂಡು ಬಂದ ಜನ. ಆಮೇಲೆ ಕೋಚ್ ಆಗಿ ಸ್ಕಾಟ್ ಪಾರ್ಕರ್ ಬಂದು ಅದೇ ಬರ್ನ್ಲಿಯ ಬಾಗಿಲು ಭದ್ರ ಮಾಡಿದರು. 2024-25ರಲ್ಲಿ 46 ಪಂದ್ಯಕ್ಕೆ ಬಿಟ್ಟುಕೊಟ್ಟದ್ದು ಬರೀ 16 ಗೋಲು, 100 ಪಾಯಿಂಟ್ ತಗೊಂಡು ವಾಪಸ್ ಮೇಲೆ ಬಂದರು. ಒಂದು ಕ್ಲಬ್ ಬೇರೆ ಆಟ ಕಲಿಯಲ್ಲ ಅನ್ನುವವರು ಇದನ್ನು ಒಮ್ಮೆ ನೋಡಲಿ.

ಈಗ ನನ್ನ ಕಥೆ ಹೇಳುತ್ತೇನೆ. ನಮ್ಮದು ಬಿ ಡಿವಿಷನ್ ತಂಡ. ಕೋಚ್‌ಗೆ ಟಿವಿಯಲ್ಲಿ ಕಾಣುವ ಆಟದ ಮೇಲೆ ಪ್ರೀತಿ. ಗೋಲಿನ ಮುಂದಿನಿಂದ ಆಟ ಮತ್ತೆ ಶುರು ಮಾಡುವ ಒದೆತ, ಗೋಲ್‌ಕಿಕ್, ಅದನ್ನು ಉದ್ದಕ್ಕೆ ಹೊಡೆಯುವ ಹಾಗೇ ಇರಲಿಲ್ಲ. ಪಕ್ಕದಲ್ಲಿ ನಿಂತ ಸೆಂಟರ್ ಬ್ಯಾಕ್‌ಗೆ ತಳ್ಳಬೇಕು, ಅವನು ಇನ್ನೊಬ್ಬನಿಗೆ, ಹಾಗೆ ಆಡಿಕೊಂಡು ಮೇಲೆ ಹೋಗಬೇಕು. 2019ರಲ್ಲಿ ನಿಯಮ ಬದಲಾಗಿ ಗೋಲ್‌ಕಿಕ್ ಬಾಲನ್ನು ತಂಡದವನು ಗೋಲಿನ ಮುಂದಿನ ಬಾಕ್ಸ್ ಒಳಗೇ ತಗೊಳ್ಳಬಹುದು ಅಂತ ಆದಮೇಲೆ ಕೋಚ್‌ಗೆ ಇನ್ನೂ ಹುರುಪು. ಬಿ ಡಿವಿಷನ್‌ನಲ್ಲಿ ಅದು ನಡೆಯಿತು. ಯಾಕೆ ನಡೆಯಿತು ಅಂದರೆ, ಎದುರಾಳಿಗಳು ನಮ್ಮನ್ನು ನೋಡಿ ಹಿಂದೆ ಹೋಗಿ ನಿಲ್ಲುತ್ತಿದ್ದರು. ನನಗೆ ಬಾಲ್ ಇಟ್ಟುಕೊಂಡು ಯೋಚಿಸೋಕೆ ಟೈಮ್ ಇತ್ತು. ಗೆದ್ದೆವು, ಎ ಡಿವಿಷನ್‌ಗೆ ಬಂದೆವು, ಹಾರ ಹಾಕಿಸಿಕೊಂಡೆವು.

ಎ ಡಿವಿಷನ್‌ನಲ್ಲಿ ಯಾರೂ ಹಿಂದೆ ಹೋಗಲಿಲ್ಲ. ಮೊದಲ ಪಂದ್ಯದ ಮೊದಲ ಗೋಲ್‌ಕಿಕ್‌ಗೇ ಮೂವರು ಬಾಕ್ಸ್ ಗೆರೆಯ ಮೇಲೆ ಕಾಲು ಊರಿ ನಿಂತಿದ್ದರು, ಓಟದ ಪಂದ್ಯಕ್ಕೆ ಶಿಳ್ಳೆ ಕಾಯುವವರ ಹಾಗೆ. ನಾನು ಕೋಚ್ ಕಡೆ ನೋಡಿದೆ. 'ತಳ್ಳೋ, ಹೆದರಬೇಡ' ಅಂದರು. ತಳ್ಳಿದೆ. ನಮ್ಮ ಸೆಂಟರ್ ಬ್ಯಾಕ್ ತಿರುಗುವಷ್ಟರಲ್ಲಿ ಬಾಲ್ ಅವನ ಕಾಲಲ್ಲಿ ಇರಲಿಲ್ಲ. ಆ ದಿನ 5-0. ಮುಂದಿನದು 4-0. ಮೂರನೆಯದಕ್ಕೆ ಮಳೆ ಬಂದಿತ್ತು, ನಾನು ತಳ್ಳಿದ ಬಾಲ್ ಬಾಕ್ಸ್ ಒಳಗಿನ ನೀರಿನಲ್ಲಿ ನಿಂತೇ ಹೋಯಿತು. ನಾನೂ ಓಡಿದೆ, ಅವರ ಫಾರ್ವರ್ಡೂ ಓಡಿದ. ಅವನ ಬೂಟಿನ ಕೆಸರು ನನ್ನ ಮುಖಕ್ಕೆ ಹಾರಿತು, ಕಣ್ಣು ಒರೆಸಿಕೊಂಡು ತಿರುಗಿದಾಗ ಬಾಲ್ ನೆಟ್‌ನಲ್ಲಿತ್ತು.

ಸೋಲು ದೊಡ್ಡ ವಿಷಯ ಅಲ್ಲ. ಆ ಸೆಂಟರ್ ಬ್ಯಾಕ್ ನನಗಿಂತ ಎರಡು ವರ್ಷ ಚಿಕ್ಕವನು, ಒಳ್ಳೆಯ ಆಟಗಾರ, ಬಾಲ್ ಸಿಕ್ಕರೆ ಬಿಡುತ್ತಿರಲಿಲ್ಲ. ಐದನೇ ಪಂದ್ಯದ ಹೊತ್ತಿಗೆ ಅವನು ನನ್ನ ಗೋಲ್‌ಕಿಕ್ ಬಂದಾಗ ಬೇಕಂತಲೇ ಎದುರಾಳಿ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದ, ನನಗೆ ಅವನಿಗೆ ಪಾಸ್ ಕೊಡೋಕೆ ಆಗದ ಹಾಗೆ. ಒಮ್ಮೆ ನಮ್ಮ ಕಣ್ಣು ಸೇರಿತು. ತಲೆ ಅಲ್ಲಾಡಿಸಿದ, ಸ್ವಲ್ಪವೇ. 'ನನಗೆ ಬೇಡ ಅಣ್ಣ' ಅಂತ. ಮೈದಾನದಲ್ಲಿ ಬಾಲ್ ಬೇಡ ಅನ್ನುವ ಹಂತಕ್ಕೆ ಒಬ್ಬ ಆಟಗಾರನನ್ನು ತಂದ ಮೇಲೆ ಅದನ್ನು ಯಾವ ಬಾಯಲ್ಲಿ 'ನಮ್ಮ ಆಟ' ಅನ್ನಬೇಕು?

ಅದಕ್ಕೇ 2024ರ ಆಗಸ್ಟ್‌ನಲ್ಲಿ ಸೌತಾಂಪ್ಟನ್ ತನ್ನ ಮೊದಲ ಪಂದ್ಯ ಸೋತಾಗ ನನಗೆ ಮುಂದಿನದು ಕಂಡುಬಿಟ್ಟಿತು. ನ್ಯೂಕಾಸಲ್‌ನವರು ಒಬ್ಬನನ್ನು ಕಳೆದುಕೊಂಡು ಹತ್ತೇ ಜನ ಆಡುತ್ತಿದ್ದರು. ಸೌತಾಂಪ್ಟನ್ ಗೋಲ್‌ಕೀಪರ್ ಕೊಟ್ಟ ಪಾಸ್ ತಪ್ಪಿ ನೇರ ಅವರ ಕಾಲಿಗೆ ಹೋಯಿತು, ಗೋಲು. 1-0. ಅದೇ ಹಟದಲ್ಲಿ ಡಿಸೆಂಬರ್‌ವರೆಗೆ ಕಳೆದರು. ಆಮೇಲೆ ಕೋಚ್ ಬದಲಾಯಿಸಿದರೂ ಉಳಿಯಲಿಲ್ಲ ಅಂದರೆ, ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಇನ್ನೇನಾಗುತ್ತದೆ?

ಬೇಗ ತೋಡಿದವರು ಉಳಿದಿದ್ದಾರೆ. 2022ರ ಆಗಸ್ಟ್ 27ರಂದು ಬೋರ್ನ್‌ಮತ್ ಲಿವರ್‌ಪೂಲ್ ಮೇಲೆ 9-0 ಸೋತಿತು. ಕೋಚ್ ಹೋದರು, ಗ್ಯಾರಿ ಓನೀಲ್ ಕೈಗೆ ತಂಡ ಬಂತು. ನಾಲ್ಕೇ ದಿನಕ್ಕೆ ವುಲ್ವ್ಸ್ ಮೇಲೆ 0-0. ಆ 0-0 ಪೇಪರ್‌ನಲ್ಲಿ ನೋಡಿದವರಿಗೆ ಏನೂ ಅಲ್ಲ. ಒಂಬತ್ತು ಗೋಲು ತಿಂದ ತಂಡಕ್ಕೆ ಅದು ಜೀವ. ವರ್ಷದ ಕೊನೆಗೆ 39 ಪಾಯಿಂಟ್, 15ನೇ ಸ್ಥಾನ. 2017-18ರ ಹಡರ್ಸ್‌ಫೀಲ್ಡ್ ಇಡೀ ವರ್ಷದಲ್ಲಿ ಹೊಡೆದದ್ದು 28 ಗೋಲು. ಕೊನೆಯ ವಾರದಲ್ಲಿ ಮ್ಯಾಂಚೆಸ್ಟರ್ ಸಿಟಿ ಊರಿಗೆ ಹೋಗಿ 0-0, ಚೆಲ್ಸಿ ಅಂಗಳದಲ್ಲಿ 1-1, ಉಳಿದುಕೊಂಡರು. ಇದು ಆಟ ಅಲ್ಲ ಅನ್ನುವವರು ಆ ಎರಡು ಪಂದ್ಯ ಪೂರ್ತಿ ಕೂತು ನೋಡಲಿ.

ಲೀಡ್ಸ್ ಹೆಸರು ಹೇಳುತ್ತಾರೆ. ಎಲ್ಲರ ಬಳಿಯೂ ಬಿಯೆಲ್ಸಾ ಇರಲ್ಲ. ಆ ಬಿಯೆಲ್ಸಾ ತಂಡವೇ 2022ರ ಫೆಬ್ರವರಿ ಒಂದೇ ತಿಂಗಳಲ್ಲಿ 20 ಗೋಲು ತಿಂದಿತು, ಅವರನ್ನೂ ಕಳಿಸಿದರು. ನಾರ್ವಿಚ್ ಮತ್ತೆ ಏರಿತು ನಿಜ, ಏರಿದ ವರ್ಷ ಮತ್ತೆ ಕಟ್ಟಕಡೆಯ ಸ್ಥಾನ, 22 ಪಾಯಿಂಟ್. ಸ್ಟೋಕ್ ವಿಷಯಕ್ಕೆ ಬಂದರೆ, ಡೆಲಾಪ್ ಬಾಲ್ ಎಸೆಯುತ್ತಿದ್ದದ್ದು ಎದುರಾಳಿ ಗೋಲಿನ ಮುಂದೆ. ತಪ್ಪಿದರೂ ತನ್ನ ಗೋಲ್‌ಕೀಪರ್ ತಲೆ ತಗ್ಗಿಸಬೇಕಾಗಿರಲಿಲ್ಲ.

ನಮ್ಮ ಕೋಚ್ ಕೊನೆಗೆ ಒಪ್ಪಿದರು, ಐದು ಪಂದ್ಯ ಬಾಕಿ ಇರುವಾಗ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಹತ್ತಿರ ಬಂದು, 'ನಾಳೆಯಿಂದ ಉದ್ದಕ್ಕೆ ಹೊಡಿಯೋ' ಅಂದರು, ಅಷ್ಟೇ. ಮುಖ ನೋಡಲಿಲ್ಲ. ಅವರಿಗೆ ಅದು ಎಷ್ಟು ಕಷ್ಟ ಆಗಿತ್ತು ಅಂತ ಈಗ ಗೊತ್ತಾಗುತ್ತದೆ. ಆ ಐದು ಪಂದ್ಯದಲ್ಲಿ ಎರಡು ಗೆದ್ದೆವು, ಎರಡು ಡ್ರಾ, ಒಂದು ಸೋಲು. ಒಂದೇ ಒಂದು ಪಾಯಿಂಟಿನಿಂದ ಇಳಿದೆವು.

ಆ ಡ್ರಾಗಳಲ್ಲಿ ಒಂದು 0-0. ಎಪ್ಪತ್ತನೇ ನಿಮಿಷ ಇರಬೇಕು, ನಾನು ಉದ್ದಕ್ಕೆ ಹೊಡೆಯೋಕೆ ಅಂತ ಬಾಲ್ ಇಟ್ಟು ಹಿಂದೆ ಸರಿದೆ. ಎದುರಾಳಿಗಳು ಆಗಲೇ ನಡುಗೆರೆಯ ಕಡೆ ಹೋಗಿ ನಿಂತಿದ್ದರು. ಸೆಂಟರ್ ಬ್ಯಾಕ್ ಬಾಕ್ಸ್ ಪಕ್ಕದಲ್ಲಿ ಒಬ್ಬನೇ ಇದ್ದ. ಕೈ ಎತ್ತಿದ. 'ಕೊಡಣ್ಣ' ಅಂದ.