ರೋಗ ವಾಪಸ್ ಬಂದ ಮೇಲೆ ಬನ್ನಿ

ಹೊಸ ವೈರಸ್‌ಗಳಿಗೆ ಕಾಗದಪತ್ರದ ಮೇಲೆ ಒಂಚೂರೂ ಗೌರವ ಇಲ್ಲ. ಟೆಸ್ಟ್ ಕಿಟ್‌ಗೆ ಅನುಮೋದನೆ ಸಿಗಲಿ, ಆಮೇಲೆ ಹರಡೋಣ ಎಂದು ಯಾವ ವೈರಸ್ಸೂ ಕಾಯುವುದಿಲ್ಲ. ಸೀದಾ ವಿಮಾನ ಹತ್ತಿಬಿಡುತ್ತವೆ.

ವಿಜ್ಞಾನಿಗಳು ನಿಧಾನ ಅನ್ನಬೇಡಿ. 2020ರ ಜನವರಿಯಲ್ಲಿ ಕೊರೊನಾದ ಜೀನೋಮ್ (ವೈರಸ್‌ನ ಪೂರ್ತಿ ಆನುವಂಶಿಕ ಬರಹ) ಹೊರಬಿದ್ದ ಒಂದೇ ವಾರದೊಳಗೆ ಬರ್ಲಿನ್‌ನವರು ಅದನ್ನು ಲ್ಯಾಬಿನಲ್ಲಿ ಪತ್ತೆ ಹಚ್ಚುವ ಪಿಸಿಆರ್ ಟೆಸ್ಟಿನ ವಿಧಾನ ಬರೆದು ಜಗತ್ತಿನ ಕೈಗಿಟ್ಟಿದ್ದರು. ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳುವ ಸ್ಟ್ರಿಪ್ಪೂ ಬ್ರಹ್ಮವಿದ್ಯೆಯೇನಲ್ಲ. ನೈಟ್ರೋಸೆಲ್ಯುಲೋಸ್ ಎಂಬ ಕಾಗದದಂಥ ಹಾಳೆಯ ಒಂದು ತುಂಡು, ಅದರ ಮೇಲೆ ಆಂಟಿಬಾಡಿಯ (ಅಂಟಿ ಹಿಡಿಯುವ ಪ್ರೋಟೀನ್) ಎರಡು ಗೆರೆ, ಬಣ್ಣ ಮೂಡಲು ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು (ಹೌದು, ನಿಜವಾದ ಚಿನ್ನ, ಆದರೂ ಅಗ್ಗ). ಹನಿ ಬಿಟ್ಟರೆ 15 ನಿಮಿಷದಲ್ಲಿ ಗುಲಾಬಿ ಗೆರೆ. ಕಷ್ಟ ಇರುವುದು ವೈರಸ್ಸನ್ನು ಗಟ್ಟಿಯಾಗಿ ಹಿಡಿಯುವ ಆಂಟಿಬಾಡಿ ಹುಡುಕುವುದರಲ್ಲಿ. ಅದಕ್ಕಿಂತ ಜಾಸ್ತಿ ಕಷ್ಟ, ಹಿಡಿಯುತ್ತದೆ ಎಂದು ಸಾಬೀತು ಮಾಡುವುದರಲ್ಲಿ.

ಕಿಟ್ ಮಾಡಿದವರು ಹೋಗಿ ಅನುಮೋದನೆ ಕೊಡುವ ಅಧಿಕಾರಿಯ ಮೇಜಿನ ಮುಂದೆ ನಿಲ್ಲುತ್ತಾರೆ.

"ರೋಗಿಗಳ ಸ್ಯಾಂಪಲ್ ಮೇಲೆ ಮಾಡಿದ ವರದಿ ಎಲ್ಲಿ?"

"ರೋಗ ಇಳಿದುಹೋಯ್ತು ಸಾರ್, ರೋಗಿಗಳೇ ಇಲ್ಲ. ಹಳೇ ಸ್ಯಾಂಪಲ್ ಯಾರದೋ ಫ್ರೀಜರ್‌ನಲ್ಲಿದೆ, ಕೊಡಲ್ಲವಂತೆ."

"ಹಾಗಾದ್ರೆ ರೋಗ ವಾಪಸ್ ಬಂದ ಮೇಲೆ ಬನ್ನಿ."

ವಾಪಸ್ ಬಂದಾಗ ಓಡಿಹೋದರೆ, "ಜನ ಸಾಯ್ತಿದ್ದಾರೆ, ಈಗ ಇದೆಲ್ಲ ನೋಡೋಕೆ ಪುರುಸೊತ್ತಿದೆಯಾ?" ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಅಷ್ಟರಲ್ಲಿ ದುಡ್ಡು ಹಾಕಿದವರು ಬೇರೆ ರೋಗದ ಹಿಂದೆ ಹೋಗಿರುತ್ತಾರೆ.

ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಅನ್ನುತ್ತಿದ್ದರು) ಕಥೆ ಕೇಳಿ. ಮನುಷ್ಯರಲ್ಲಿ ಅದು ಮೊದಲು ಪತ್ತೆಯಾಗಿದ್ದು 1970ರಲ್ಲಿ, ಕಾಂಗೋದ ಒಂದು ಮಗುವಿನಲ್ಲಿ. ಆಫ್ರಿಕಾದಲ್ಲೇ ಇದ್ದಷ್ಟು ಕಾಲ ಜಗತ್ತಿಗೆ ಅವಸರ ಇರಲಿಲ್ಲ. 2022ರ ಜುಲೈ 23ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಘೋಷಿಸಿತು, 2023ರ ಮೇನಲ್ಲಿ ಮುಗಿಯಿತು ಅಂದಿತು, 2024ರ ಆಗಸ್ಟ್ 14ರಂದು ಇನ್ನೊಮ್ಮೆ ಘೋಷಿಸಿತು. ತುರ್ತಿನಲ್ಲಿ ಬಳಸಬಹುದು ಎಂದು ಆ ಸಂಸ್ಥೆ ಒಪ್ಪಿದ ಪಟ್ಟಿಗೆ ಮೊದಲ ಎಂಪಾಕ್ಸ್ ಟೆಸ್ಟ್ ಸೇರಿದ್ದು 2024ರ ಅಕ್ಟೋಬರ್ 3ರಂದು! ಅದೂ ಪಿಸಿಆರ್. ಲ್ಯಾಬು, ಯಂತ್ರ, ಕರೆಂಟು, ತರಬೇತಾದ ಕೈ ಎಲ್ಲಾ ಬೇಕು. ರೋಗ ಇರೋ ಹಳ್ಳಿಯಲ್ಲಿ ಇವ್ಯಾವೂ ಇರಲ್ಲ, ಅಲ್ವಾ?

ಈ ನಡುವೆ, 2021ರಲ್ಲೇ ಜಿ7 ಎಂಬ ಏಳು ಶ್ರೀಮಂತ ದೇಶಗಳ ಗುಂಪಿನ ಮುಂದೆ ಭರ್ಜರಿ ಗುರಿಯೊಂದು ಬಂದಿತ್ತು. ತುರ್ತು ಘೋಷಣೆಯಾದ 100 ದಿನದೊಳಗೆ ಟೆಸ್ಟ್, ಔಷಧಿ, ಲಸಿಕೆ ಎಲ್ಲ ರೆಡಿ ಇರಬೇಕು! ಹಾಗಾದರೆ ಎಂಪಾಕ್ಸ್‌ನಲ್ಲಿ ಸೋತರು ಅಂತೀರಾ? ಸುಮ್ನೆ ಅವಸರ ಪಡಬೇಡಿ. ಟೆಸ್ಟ್ ಪಟ್ಟಿ ಸೇರಲು ಹಿಡಿದಿದ್ದು ಮೊದಲ ಘೋಷಣೆಯಿಂದ ಎಣಿಸಿದರೆ 803 ದಿನ, ನಿಜ. ಆದರೆ ಎರಡನೆಯದರಿಂದ ಎಣಿಸಿ ನೋಡಿ, ಬರೀ 50! ಗುರಿಯ ಅರ್ಧದಷ್ಟೇ ಸಮಯ. ಇನ್ನು ಮುಂದೆ ಪ್ರತಿ ರೋಗಕ್ಕೂ ಎರಡೆರಡು ಸಲ ತುರ್ತು ಘೋಷಿಸಿ, ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯದಿದ್ದರಾಯ್ತು.